ಎಲೆ ಉದುರದ ಬಿದಿರು

ಕ್ಯಾಂಟನ್, ಮಿಶಿಗನ್
ಮಾರ್ಚ್ 6, 2022

ಪೂಜ್ಯ ರಾಚಯ್ಯ ಮಾಮನವರಿಗೆ,

ಪ್ರಕಾಶನ ಶರಣು. ಇಲ್ಲಿ ಎಲ್ಲರ ಬಿಪಿ, ಶುಗರ್ ಸರಿಯಾಗಿವೆ. ಅದಕ್ಕಿಂತ ಒಳಗಿನದನ್ನು ಕೇಳಬೇಡಿ. ಫೋನು ಮಾಡಿದರೆ ನಿಮ್ಮ ಕಿವಿಯ ಮಷೀನು ಕಿರುಚಿಕೊಳ್ಳುತ್ತದೆ, ಮೆಸೇಜು ಕಳಿಸಿದರೆ ನೀವು ತಿಂಗಳುಗಟ್ಟಲೆ ನೋಡುವುದಿಲ್ಲ. ಹಾಗಾಗಿ ಕಾಗದ.

ನಿಮ್ಮಿಂದ ಒಂದು ಉಪಕಾರವಾಗಬೇಕು. ಅರೋರಾದ ನಿಮ್ಮ ಹಿತ್ತಲಲ್ಲಿ ಬಿದಿರು ಬೆಳೆಸಿದ್ದೀರಿ, ಬಾಲಾಜಿ ಗುಡಿಗೆ ಬಂದವರನ್ನೆಲ್ಲ ಎಳೆದುಕೊಂಡು ಹೋಗಿ ತೋರಿಸುತ್ತೀರಿ ಎಂದು ಇಲ್ಲಿಯವರೆಗೂ ಸುದ್ದಿಯಿದೆ. ನನಗೂ ಬಿದಿರು ಬೇಕು. ಎತ್ತರಕ್ಕೆ ಏಳಬೇಕು, ದಟ್ಟವಾಗಿರಬೇಕು, ಮುಖ್ಯವಾಗಿ ಜನವರಿಯಲ್ಲಿ ಎಲೆ ಉದುರಬಾರದು.

ಯಾಕೆ ಎಂದು ಕೇಳುತ್ತೀರಿ, ಹೇಳುತ್ತೇನೆ. ನಾನೂ ತಮ್ಮ ಸುಶಾಂತನೂ ಬೆನ್ನಿಗೆ ಬೆನ್ನು ಹಚ್ಚಿ ಮನೆ ಕೊಂಡದ್ದು ನಿಮಗೆ ಗೊತ್ತು. ನಡುವೆ ನಾಲ್ಕಡಿಯ ಬೇಲಿ, ಬೇಲಿಗೊಂದು ಗೇಟು. ಅವನ ಮಗಳು ಶಿವಾನಿ ಶಾಲೆಯಿಂದ ಬಂದವಳೇ ಬ್ಯಾಗು ಒಗೆದು ಆ ಗೇಟಿನಿಂದ ನಮ್ಮ ಅಡುಗೆಮನೆಗೆ ಓಡಿಬರುತ್ತಿದ್ದಳು, ಅವ್ವನ ಮಡಿಲಿಗೆ. ಇದೆಲ್ಲ ಹೋದ ಅಕ್ಟೋಬರ್ ತನಕದ ಮಾತು. ಅಕ್ಟೋಬರಿನಲ್ಲಿ ಡಿಯರ್‌ಬಾರ್ನ್‌ನ ಕೆಲಸದಿಂದ ನನ್ನನ್ನು ತೆಗೆದರು. ಯಾರನ್ನು ತೆಗೆಯಬೇಕೆಂದು ಕೂತು ಮಾತಾಡಿದವರಲ್ಲಿ ಸುಶಾಂತನೂ ಒಬ್ಬ. ಅವನು ಅಲ್ಲಿ ಮ್ಯಾನೇಜರು, ನಾನು ಅವನಿಗೆ ಅಣ್ಣ, ಬರೀ ಇಂಜಿನಿಯರು. ಗೊತ್ತಿದ್ದೂ ವಾರಗಟ್ಟಲೆ ನಮ್ಮ ಮನೆಯಲ್ಲಿ ಕೂತು ಅವ್ವ ಬಡಿದ ರೊಟ್ಟಿ ತಿಂದ, ಎಣ್ಣೆಗಾಯಿ ಇನ್ನಷ್ಟು ಹಾಕಿಸಿಕೊಂಡ, ಬಾಯಿ ಬಿಡಲಿಲ್ಲ. ಆಮೇಲೆ ಕೇಳಿದರೆ, "ಹೇಳೂ ಹಂಗಿರಲಿಲ್ಲ ಅಣ್ಣಾ, ರೂಲ್ಸ್ ಇರ್ತಾವು" ಅಂದ. ಕೆಲಸ ಹೋದದ್ದಕ್ಕಲ್ಲ ಮಾಮಾ, ಬೇರೆ ಸಿಕ್ಕಿದೆ. ಅವನು ತಿಂದ ಆ ರೊಟ್ಟಿ ನನಗೆ ಇನ್ನೂ ಜೀರ್ಣವಾಗಿಲ್ಲ.

ಗೇಟಿಗೆ ಸ್ಕ್ರೂ ಹೊಡೆದೆ. ಅವ್ವನ ಫೋನಿನಲ್ಲಿ ಅವನ ನಂಬರು ಬ್ಲಾಕ್ ಮಾಡಿದೆ. ಅವ್ವನ ಕೈಯನ್ನು ನನ್ನ ತಲೆಯ ಮೇಲೆ ಇಡಿಸಿಕೊಂಡು ಆಣೆ ಮಾಡಿಸಿದೆ: ಅವನ ಹೊಸ್ತಿಲು ತುಳಿಯುವುದಿಲ್ಲ, ಅವನ ಮನೆಯವರ ಜೊತೆ ಒಂದು ಮಾತೂ ಆಡುವುದಿಲ್ಲ. ನಿಮ್ಮ ಅಕ್ಕನ ಸ್ವಭಾವ ನಿಮಗೆ ಗೊತ್ತು. ತಲೆ ಮುಟ್ಟಿ ಮಾಡಿದ ಆಣೆ ಮುರಿದರೆ ಆ ತಲೆ ಉಳಿಯುವುದಿಲ್ಲ ಎಂದು ನಂಬಿದವಳು. ಎರಡನ್ನೂ ಚಾಚೂ ತಪ್ಪದೆ ನಡೆಸುತ್ತಿದ್ದಾಳೆ. ಆದರೆ ನೋಡಬಾರದು ಎಂದು ಸೇರಿಸುವುದನ್ನು ನಾನು ಮರೆತೆ.

ಈಗ ಹಿಂದಿನ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಾಳೆ. ಸಂಜೆ ಆ ಕಡೆ ಅಡುಗೆಮನೆಯ ದೀಪ ಹತ್ತಿದ ಕೂಡಲೇ ಶಿವಾನಿ ಸ್ಟೂಲು ಹತ್ತಿ ಕೈ ಬೀಸುತ್ತಾಳೆ, ಇವಳೂ ಬೀಸುತ್ತಾಳೆ. ಮೊನ್ನೆ ಹುಡುಗಿ ತನ್ನ ಬಿದ್ದ ಹಲ್ಲನ್ನು ಗಾಜಿಗೆ ಹಿಡಿದು ತೋರಿಸಿದಳಂತೆ. ಬೇಸಿಗೆಯಲ್ಲಾದರೆ ಮೇಪಲ್ ಮರ ಅಡ್ಡ ಬರುತ್ತದೆ, ನವೆಂಬರಿನಲ್ಲಿ ಅದು ಎಲೆಯೆಲ್ಲ ಉದುರಿಸಿ ಬತ್ತಲೆ ನಿಲ್ಲುತ್ತದೆ. ಕರ್ಟನ್ ಎಳೆದರೆ ಅವ್ವ ಬಿಸಿಲು ಬೇಕೆಂದು ಸರಿಸುತ್ತಾಳೆ. ಬೇಲಿ ಎತ್ತರಿಸಲು ನಮ್ಮ ಬಡಾವಣೆಯ ಅಸೋಸಿಯೇಷನ್‌ನವರು ಬಿಡುವುದಿಲ್ಲ. ಗಿಡಕ್ಕೆ ಎತ್ತರದ ನಿಯಮವಿಲ್ಲ, ಓದಿ ನೋಡಿದ್ದೇನೆ.

ಯಾವ ತಳಿ ಎಂದು ಬರೆಯಿರಿ. ಬುದ್ಧಿವಾದ ಬರೆಯುವುದಿದ್ದರೆ ಬೇರೆ ಹಾಳೆಯಲ್ಲಿ ಬರೆಯಿರಿ, ಓದದೆ ಎಸೆಯಲು ಅನುಕೂಲ.

ನಿಮ್ಮ ಅಳಿಯ,
ಪ್ರಕಾಶ


ಅರೋರಾ, ಇಲಿನಾಯ್
ಮಾರ್ಚ್ 19, 2022

ಚಿ. ಪ್ರಕಾಶನಿಗೆ ರಾಚಯ್ಯ ಮಾಮನ ಆಶೀರ್ವಾದ.

ಬುದ್ಧಿವಾದಕ್ಕೆ ಹಾಳೆ ಖರ್ಚು ಮಾಡುವುದಿಲ್ಲ, ಹೆದರಬೇಡ. ರಿಟೈರಾಗುವ ತನಕ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟವನು ನಾನು. ಎಚ್ಚರ ಬೇಡವೆಂದವರನ್ನು ಎಬ್ಬಿಸುವ ಅಭ್ಯಾಸ ನನಗಿಲ್ಲ.

ಬಿದಿರಿನ ಬಗ್ಗೆ ಕೇಳಿದೆಯಲ್ಲ, ಅದು ಸಂತೋಷ. ನನ್ನ ಮಕ್ಕಳು ಇದುವರೆಗೆ ಕೇಳಿಲ್ಲ. ಚಳಿ ತಡೆಯುವ ಬಿದಿರಿನಲ್ಲಿ ಎರಡು ಜಾತಿ ಎಂದು ತಿಳಿದುಕೋ. ಒಂದು ಓಡುವುದು, ಇನ್ನೊಂದು ಕೂರುವುದು. ಓಡುವ ಜಾತಿ ನೆಲದೊಳಗೆ ಬೇರು ಚಾಚಿಕೊಂಡು, ಬೇಲಿ ಯಾರದು ಎಂದು ಕೇಳದೆ ಹೋಗಿಬಿಡುತ್ತದೆ. ಅದನ್ನು ಹಾಕುವವನು ಸುತ್ತಲೂ ಮೊಳಕಾಲಿಗಿಂತ ಆಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹೂಳಬೇಕು, ಪ್ರತಿ ವರ್ಷ ಎಲೆ ಉದುರುವ ಕಾಲದಲ್ಲಿ ಅಂಚಿಗೆ ಬಂದ ಬೇರನ್ನು ಹುಡುಕಿ ಕತ್ತರಿಸಬೇಕು. ಬಿಸೆಟಿ ಎಂಬುದು ಈ ಜಾತಿಯದು. ನೂಡಾ ಎಂದು ಇನ್ನೊಂದಿದೆ, ಚಳಿಗೆ ಎಲ್ಲಕ್ಕಿಂತ ಗಟ್ಟಿ. ಇವೆರಡೂ ನಿನ್ನಂಥ ಪುರಸೊತ್ತಿಲ್ಲದವರಿಗೆ ಅಲ್ಲ.

ಕೂರುವ ಜಾತಿ ಮರ್ಯಾದಸ್ಥ. ನಿಂತಲ್ಲೇ ಪೊದೆಯಾಗುತ್ತದೆ, ಪಕ್ಕದವರ ತಂಟೆಗೆ ಹೋಗುವುದಿಲ್ಲ. ಅದರಲ್ಲಿ ರೂಫಾ ಗಿಡ್ಡ, ನಿನಗಾಗದು. ನಿಟಿಡಾ ಹಾಕು. ತೆಳ್ಳನೆಯ ಕಡುಗೆಂಪು ಕಾಂಡ, ಸಣ್ಣ ಎಲೆ, ನೋಡಲಿಕ್ಕೆ ಚೆಂದ. ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಸೊನ್ನೆಯ ಕೆಳಗೆ ಇಪ್ಪತ್ತು ಡಿಗ್ರಿ ಹೋದರೂ ಸಾಯುವುದಿಲ್ಲ. 2019ರ ಜನವರಿಯಲ್ಲಿ ಇಲ್ಲಿ ಕಾರಿನ ಬಾಗಿಲುಗಳೇ ತೆರೆಯದ ಹಾಗೆ ಹೆಪ್ಪುಗಟ್ಟಿದ್ದವು. ನನ್ನ ನಿಟಿಡಾ ವಸಂತದಲ್ಲಿ ಏನೂ ಆಗಿಲ್ಲವೆಂಬಂತೆ ಚಿಗುರಿತು. ದೊಡ್ಡ ಕುಂಡದಲ್ಲಿರುವ ಎತ್ತರದ ಗಿಡಗಳನ್ನೇ ಕೊಳ್ಳು, ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ನೆರಳಿರಲಿ.

ಒಂದು ಮಾತು ಹೇಳಿಬಿಡುತ್ತೇನೆ, ಇದು ಬುದ್ಧಿವಾದವಲ್ಲ, ಮಾಹಿತಿ. ನಮ್ಮ ಊರಲ್ಲಿ ಮನೆಯ ಹತ್ತಿರ ಬಿದಿರು ಹಚ್ಚುತ್ತಿರಲಿಲ್ಲ. ಯಾರಾದರೂ ಸತ್ತರೆ ಮಾತ್ರ ಹಳ್ಳದ ದಂಡೆಗೆ ಹೋಗಿ ಕಡಿದು ತರುತ್ತಿದ್ದರು. ಕಿಟಕಿಯ ಎದುರು ಅದು ಏಳುವುದನ್ನು ಅಕ್ಕ ಹೇಗೆ ನೋಡುತ್ತಾಳೋ ಗೊತ್ತಿಲ್ಲ.

ಶಿವಾನಿಗೆ ಯಾವ ಹಲ್ಲು ಬಿತ್ತು? ಮೇಲಿನದೋ, ಕೆಳಗಿನದೋ?

ಇತಿ,
ರಾಚಯ್ಯ


ಕ್ಯಾಂಟನ್
ಆಗಸ್ಟ್ 10, 2022

ಪೂಜ್ಯ ಮಾಮನವರಿಗೆ ಶರಣು.

ನಿಟಿಡಾ ಹಾಕಿದೆ. ಬೇಲಿಯುದ್ದಕ್ಕೂ ಸಾಲು ನಿಂತಿದೆ, ನನ್ನ ತಲೆಗಿಂತ ಎತ್ತರ. ಇನ್ನೊಂದು ವರ್ಷಕ್ಕೆ ಆ ಮನೆಯ ಸೂರೂ ಕಾಣುವುದಿಲ್ಲ. ಬೇಗ ಬೆಳೆಯಲಿ ಎಂದು ಅಕ್ಕಿ ತೊಳೆದ ನೀರು ಹಾಕಲು ಅವ್ವನಿಗೇ ಹೇಳಿದ್ದೇನೆ. ಯಾಕೆ ಎಂದು ಕೇಳಲಿಲ್ಲ. ದಿನಾ ಹಾಕುತ್ತಿದ್ದಾಳೆ.

ಹೋದ ವಾರ ನಾಗರಪಂಚಮಿ. ಅವ್ವ ಮಣ್ಣಿನ ನಾಗಪ್ಪನನ್ನು ಮಾಡಿ ಆ ಬಿದಿರಿನ ಬುಡದಲ್ಲೇ ಇಟ್ಟಳು. ನಮ್ಮ ಕಡೆ ಮನೆಯವರ ಹೆಸರು ಒಂದೊಂದಾಗಿ ಹೇಳಿ ಹಾಲೆರೆಯುತ್ತಾರಲ್ಲ, ಹಾಗೆ ಶುರು ಮಾಡಿದಳು. ದೇವರ ಪಾಲು, ಗುರುವಿನ ಪಾಲು, ಪ್ರಕಾಶನ ಪಾಲು, ನನ್ನ ಹೆಂಡತಿ ಇಂದೂನ ಪಾಲು. ಆಮೇಲೆ ಇದ್ದಕ್ಕಿದ್ದಂತೆ ಧ್ವನಿ ಏರಿಸಿ ಸುಶಾಂತನ ಪಾಲು, ಅವನ ಹೆಂಡತಿ ಚೇತನಾನ ಪಾಲು, ಶಿವಾನಿ ಪಾಲು ಎಂದಳು. ಬೇಲಿಯಾಚೆಯಿಂದ "ಅಜ್ಜೀ, ಐ ಹರ್ಡ್ ಮೈ ನೇಮ್" ಎಂದು ಹುಡುಗಿ ಕೂಗಿತು. ಅವ್ವ ಇನ್ನೊಂದು ಚಮಚ ಹಾಲು ಎರೆದು ಮತ್ತೆ ಶಿವಾನಿ ಪಾಲು ಎಂದಳು. ಅದು ಮತ್ತೆ ಕೂಗಿತು, ಇವಳು ಮತ್ತೆ ಎರೆದಳು. ತಂಬಿಗೆಯ ಹಾಲು ಮುಗಿಯುವ ತನಕ ಇದೇ ನಡೆಯಿತು.

"ಆಣಿ ಮರತಿ ಏನವ್ವಾ?" ಎಂದು ಕೇಳಿದೆ. "ನಾ ನಾಗಪ್ಪನ ಕೂಡ ಮಾತಾಡೀನಿ" ಎಂದಳು. ಈಕೆ ವಕೀಲಳಾಗಬೇಕಿತ್ತು ಮಾಮಾ.

ಕೆಳಗಿನ ಹಲ್ಲಂತೆ.

ಪ್ರಕಾಶ


ಕ್ಯಾಂಟನ್
ಡಿಸೆಂಬರ್ 27, 2022

ರಾಚಯ್ಯ ಮಾಮನವರಿಗೆ,

ಕ್ರಿಸ್‌ಮಸ್ಸಿನ ಚಳಿ ಅಲ್ಲಿಗೂ ಬಂದಿರಬೇಕು. ಬಂದಾಗ ನಿಮ್ಮ ಹಿತ್ತಲಲ್ಲಿ ಏನಾಗುತ್ತದೆ ಎಂಬುದು ನಿಮಗೆ ಮೊದಲಿನಿಂದ ಗೊತ್ತಿತ್ತು. ನನ್ನ ಹಿತ್ತಲಲ್ಲಿ ಏನಾಯಿತು ಎಂದು ಹೇಳುತ್ತೇನೆ. ಒಂದೊಂದು ಎಲೆಯೂ ಬೀಡಿಯಂತೆ ಸುತ್ತಿಕೊಂಡಿತು. ಅರ್ಧದಷ್ಟು ಉದುರಿತು. ಎಂಟು ತಿಂಗಳು ನೀರು ಹಾಕಿ ಸಾಕಿದ ಗೋಡೆ ಜರಡಿಯಾಗಿ ನಿಂತಿತು. ಬೆಳಿಗ್ಗೆ ಎದ್ದು ಬಂದರೆ ಅವ್ವ ಕಿಟಕಿಯಲ್ಲಿ ನಿಂತು ಎರಡೂ ಕೈ ಬೀಸುತ್ತಿದ್ದಾಳೆ. ಆಚೆ ಆ ಹುಡುಗಿ ತಾನು ಬರೆದ ಚಿತ್ರವನ್ನು ಗಾಜಿಗೆ ಹಿಡಿದಿದೆ. ಅವ್ವನ ಮುಖದಲ್ಲಿ ಅಂಥ ನಗು ನಾನು ನನ್ನ ಮದುವೆಯಲ್ಲೂ ನೋಡಿಲ್ಲ. ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಕೂತು ಓದಿದೆ. ನಿಟಿಡಾ ಚಳಿಗೆ ಎಲೆ ಸುತ್ತಿಕೊಳ್ಳುತ್ತದೆ ಎಂದು ಸಣ್ಣಪುಟ್ಟ ನರ್ಸರಿಯವನೂ ಬರೆದಿದ್ದಾನೆ. ನಿಮ್ಮ ಕಾಗದ ತೆಗೆದು ನೋಡಿದೆ. "ಸಾಯುವುದಿಲ್ಲ" ಎಂದು ಬರೆದಿದ್ದೀರಿ. ನಾನು ಕೇಳಿದ್ದು ಎಲೆಯ ಬಗ್ಗೆ, ನೀವು ಉತ್ತರ ಕೊಟ್ಟದ್ದು ಸಾವಿನ ಬಗ್ಗೆ. ಆಪರೇಷನ್ ಟೇಬಲ್ಲಿನ ಮೇಲೂ ಜನರಿಗೆ ಹೀಗೇ ಸಮಾಧಾನ ಹೇಳುತ್ತಿದ್ದಿರೇನು?

ನಿಮ್ಮ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ, ನಿನ್ನ ತಮ್ಮ ಈ ಕಿಟಕಿಯ ಮೇಲೆ ಎಷ್ಟು ಕರುಣೆ ಇಟ್ಟಿದ್ದಾನೆ ನೋಡು ಎಂದೆ. ಮಣ್ಣು ಸಡಿಲಾದ ಕೂಡಲೇ ಇದನ್ನೆಲ್ಲ ಕೀಳಿಸಿ ಬಿಸೆಟಿ ಹಾಕುತ್ತೇನೆ. ಮೊದಲ ಹಿಡಿ ಮಣ್ಣು ಅವ್ವನ ಕೈಯಿಂದಲೇ ಹಾಕಿಸುತ್ತೇನೆ. ಆ ಪುಣ್ಯ ನಿಮ್ಮ ಪಾಲಿಗಿರಲಿ.

ಪ್ರಕಾಶ


ಅರೋರಾ
ಜನವರಿ 14, 2023

ಪ್ರಕಾಶ,

ಹೌದು, ಬೇಕೆಂತಲೇ ನಿಟಿಡಾ ಹೇಳಿದೆ. ಬೇಸಿಗೆಯಲ್ಲಿ ನಿನಗೆ ಗೋಡೆ ಸಿಗಲಿ, ಚಳಿಗಾಲದಲ್ಲಿ ಅಕ್ಕನಿಗೆ ಕಿಟಕಿ ಸಿಗಲಿ ಎಂದು ಲೆಕ್ಕ ಹಾಕಿದ್ದೆ. ನೀನು ಎಲೆ ಎಣಿಸುತ್ತ ಕೂರುತ್ತೀಯ ಎಂದು ಗೊತ್ತಿರಲಿಲ್ಲ. ಇನ್ನೊಮ್ಮೆ ಕೇಳಿದರೂ ಅದನ್ನೇ ಹೇಳುತ್ತೇನೆ.

ಬಿಸೆಟಿಯೇ ಹಾಕುವುದಾದರೆ ಹಾಕು, ಅದು ಎಲೆ ಬಿಡುವುದಿಲ್ಲ. ಆದರೆ ಪ್ಲಾಸ್ಟಿಕ್ ಹಾಳೆಯನ್ನು ಎರಡೂ ಕಡೆ ಹೂಳು. ಒಂದು ಕಡೆ ಬಿಟ್ಟರೂ ಅದು ಆ ಕಡೆಗೆ ಹೋಗುತ್ತದೆ, ಆಮೇಲೆ ನೀನು ಕರೆದರೂ ಹಿಂದೆ ಬರುವುದಿಲ್ಲ.

ಅಕ್ಕನನ್ನು ನನ್ನಲ್ಲಿಗೆ ಕಳಿಸು. ಇಲ್ಲಿ ಗುಡಿ ಇದೆ, ಅವಳ ವಯಸ್ಸಿನವರು ಇದ್ದಾರೆ. ನಾನೇ ಬಂದು ಕರೆದುಕೊಂಡು ಹೋಗಬೇಕು, ಆದರೆ ಐದು ತಾಸಿನ ಡ್ರೈವ್, ವಸಂತ ಬಂತೆಂದರೆ ಹೊಸ ಕಳಲೆ ಏಳುವ ಹೊತ್ತು, ತೋಟ ಬಿಟ್ಟು ಬರಲಾಗುವುದಿಲ್ಲ. ನೀನೇ ಯಾವಾಗಲಾದರೂ ಈ ಕಡೆ ಬಂದರೆ ಕರೆದುಕೊಂಡು ಬಾ.

ರಾಚಯ್ಯ


ಕ್ಯಾಂಟನ್
ಅಕ್ಟೋಬರ್ 20, 2024

ಪೂಜ್ಯ ಮಾಮನವರಿಗೆ ಶರಣು.

ಒಂದೂ ಮುಕ್ಕಾಲು ವರ್ಷ ನಾನು ಬರೆಯಲಿಲ್ಲ, ನೀವೂ ಬರೆಯಲಿಲ್ಲ. ಸಿಟ್ಟು ಹೋಗಿದೆ, ಯಾಕೆಂದರೆ ಬಿಸೆಟಿ ಬಂದಿದೆ. ಬಂದು ನೋಡಬೇಕು ನೀವು. ಗಿಣಿ ಹಸಿರು, ಮುಷ್ಟಿಯೂ ತೂರದಷ್ಟು ದಟ್ಟ. ಹೋದ ಚಳಿಗಾಲದಲ್ಲಿ ಸೊನ್ನೆಯ ಕೆಳಗೆ ಇಳಿದರೂ ಒಂದೆಲೆ ಅಲುಗಲಿಲ್ಲ. ಅವ್ವನ ಕುರ್ಚಿ ಇನ್ನೂ ಅಲ್ಲೇ ಇದೆ. "ಏನ ನೋಡ್ತೀಬೇ?" ಎಂದು ಕೇಳಿದೆ. "ಎಲಿ" ಎಂದಳು.

ಪ್ಲಾಸ್ಟಿಕ್ ಹಾಳೆಯನ್ನು ನನ್ನ ಕಡೆಗೆ ಮಾತ್ರ ಹೂತಿದ್ದೆ. ನೀವು ಹೇಳಿದ ಮೇಲೆಯೇ ಆ ಆಲೋಚನೆ ಬಂದದ್ದು, ಅದಕ್ಕೆ ಥ್ಯಾಂಕ್ಸ್. ಈ ವರ್ಷ ಸುಶಾಂತನ ಲಾನಿನಲ್ಲಿ ಎಲ್ಲಿ ನೋಡಿದರೂ ಮೊಳಕೆ. ಕತ್ತರಿಸುತ್ತಾನೆ, ಎರಡು ದಿನಕ್ಕೆ ಇನ್ನೊಂದು ಕಡೆ ಏಳುತ್ತದೆ. ಶಿವಾನಿಯ ಉಯ್ಯಾಲೆಯ ಕಂಬವನ್ನು ಕಿತ್ತು ಬೇರೆ ಕಡೆ ಇಡಬೇಕಾಯಿತಂತೆ.

ಮೊನ್ನೆ ಮೂರು ವರ್ಷದಲ್ಲಿ ಮೊದಲ ಸಲ ಬೇಲಿಯ ಹತ್ತಿರ ಬಂದು ನಿಂತ. ಮುಖ ಕಾಣಲಿಲ್ಲ, ಎಲೆಗಳ ನಡುವಿನಿಂದ ಧ್ವನಿ ಮಾತ್ರ. "ಅಣ್ಣಾ, ಹಿತ್ತಲ ಪ್ಯಾಟಿಯೋದ ನೆಲದ ಇಟ್ಟಂಗಿ ಎದ್ದಾವು. ಹಿಂಗ ಹಬ್ಬತೈತಿ ಅಂತ ನಿನಗ ಗೊತ್ತಿತ್ತಲ್ಲಾ? ಒಂದ ಮಾತ ಹೇಳಬೇಕಿಲ್ಲೇನು?" ಎಂದ.

ಈ ಪ್ರಶ್ನೆಗೆ ನಾನು ಮೂರು ವರ್ಷ ಕಾದಿದ್ದೆ ಎನಿಸಿತು. "ಹೇಳೂ ಹಂಗಿರಲಿಲ್ಲ ತಮ್ಮಾ, ರೂಲ್ಸ್ ಇರ್ತಾವು" ಎಂದೆ.

ಅವನು ಮತ್ತೆ ಮೊಳಕೆ ಕತ್ತರಿಸತೊಡಗಿದ. ಕತ್ತರಿಯ ಸದ್ದು ಕೇಳುತ್ತಿತ್ತು. ಆ ರಾತ್ರಿ ಹೊಟ್ಟೆ ತುಂಬ ಉಂಡೆ ಮಾಮಾ.

ನಿಮ್ಮ ಅಳಿಯ,
ಪ್ರಕಾಶ


ಕ್ಯಾಂಟನ್
ಜುಲೈ 13, 2025

ಪೂಜ್ಯ ಮಾಮನವರಿಗೆ,

ಸುಶಾಂತ ಮನೆ ಮಾರಿದ. ಟೆಕ್ಸಸ್ಸಿನಲ್ಲಿ ಕೆಲಸ ಹಿಡಿದಿದ್ದಾನೆ. ನಿನ್ನೆ ಹೊರಟುಹೋದರು. ಇದನ್ನು ಒಂದೇ ಸಾಲಿನಲ್ಲಿ ಬರೆದು ಮುಗಿಸಬೇಕೆಂದು ಕೂತೆ, ಆಗುತ್ತಿಲ್ಲ.

ಹೋಗುವ ಮೊದಲು ನಮ್ಮ ಮುಂಬಾಗಿಲಿಗೆ ಬಂದಿದ್ದ. ಬೆಲ್ ಒತ್ತಲಿಲ್ಲ, ಬಾಗಿಲು ಬಡಿದ. ನಾನೇ ತೆರೆದೆ. ಅವನ ತಲೆ ಪೂರ್ತಿ ನರೆತಿದೆ, ಅಪ್ಪನ ಹಾಗೆ ಕಾಣುತ್ತಾನೆ. ಕಾರಿನಲ್ಲಿ ಚೇತನಾ ಮತ್ತು ಶಿವಾನಿ ಕೂತಿದ್ದರು. ಹುಡುಗಿ ಉದ್ದವಾಗಿದ್ದಾಳೆ. ನಮ್ಮ ಮನೆಯ ಕಡೆ ನೋಡಲಿಲ್ಲ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಡಿಲಿನ ಫೋನು ನೋಡುತ್ತಿದ್ದಳು.

"ಅವ್ವಗ ಹೇಳಿ ಹೋಗಬೇಕಂತ ಬಂದೀನಿ" ಎಂದ.

"ಮಲಗ್ಯಾಳ" ಎಂದೆ.

ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು ಮಾಮಾ. ಪಟಪಟ ಸದ್ದು ಬಾಗಿಲಿಗೆ ಕೇಳುತ್ತಿತ್ತು. ನಾನು ಹಾಗೆಂದ ಮೇಲೆ ಆ ಸದ್ದು ಇನ್ನೂ ಜೋರಾಯಿತು. ಇಬ್ಬರೂ ಕೇಳಿಸಿಕೊಂಡೆವು, ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನು ನನ್ನನ್ನು ಒಂದು ಕೈಯಿಂದ ಸರಿಸಿ ಒಳಗೆ ಹೋಗಬಹುದಿತ್ತು. ಹೋಗುತ್ತಾನೆ ಎಂದೇ ನಾನೂ ಅಂದುಕೊಂಡೆ. ಅವನು, "ಹೌದೇನು. ಮಲಗ್ಲಿ ಬಿಡು" ಎಂದು ಹೇಳಿ ಮೆಟ್ಟಿಲಿಳಿದ.

ಗೆದ್ದೆ ಎನಿಸಬೇಕಿತ್ತು. ಊಟಕ್ಕೆ ಕೂತಾಗ ಅವ್ವ ತಾಟಿಗೆ ಹಾಕಿದ ರೊಟ್ಟಿಗಳೆಲ್ಲ ಅಂಚು ಹರಿದು ಚೂರಾಗಿದ್ದವು. ಅವಳು ಏನೂ ಕೇಳಲಿಲ್ಲ, ಬಾಗಿಲಿಗೆ ಯಾರು ಬಂದಿದ್ದರು ಎಂದೂ ಕೇಳಲಿಲ್ಲ. ಉಂಡು ಕೈ ತೊಳೆದು ಹಿಂದಿನ ಕಿಟಕಿಗೆ ಹೋಗಿ ಕೂತಳು.

ಅವರು ಹೋದದ್ದು ಅವಳಿಗೆ ಗೊತ್ತಿಲ್ಲ. ಬಿದಿರಿನಾಚೆ ಯಾರಿದ್ದರೂ ಒಂದೇ, ಹೇಳದಿದ್ದರೆ ಅವಳಿಗೆ ಅವರು ಅಲ್ಲೇ ಇರುತ್ತಾರೆ. ನೀವೂ ಹೇಳಬೇಡಿ.

ಪ್ರಕಾಶ


ಅರೋರಾ
ಆಗಸ್ಟ್ 2, 2025

ಪ್ರಕಾಶ,

ಹೇಳಿಬಿಡು. ಕೀವು ತುಂಬಿದ ಹುಣ್ಣನ್ನು ಕೊಯ್ದುಬಿಡಬೇಕು, ಡಾಕ್ಟರಾಗಿ ಹೇಳುತ್ತಿದ್ದೇನೆ.

ನಾನು ಹೇಳಲಾರೆ. ಕಾಗದದಲ್ಲಿ ಬರೆದರೆ ನೀನೇ ಮೊದಲು ಒಡೆಯುತ್ತೀಯ. ಫೋನಿನಲ್ಲಿ ಹೇಳಿದರೆ ಅಕ್ಕ ಅತ್ತರೂ ನನಗೆ ಕೇಳುವುದಿಲ್ಲ, ಇನ್ನೂ ಕಿರುಚಿ ಹೇಳುತ್ತ ಹೋಗುತ್ತೇನೆ. ಅದು ಬೇಡ.

ಈ ವರ್ಷ ನನ್ನ ಹಿತ್ತಲಲ್ಲೂ ಹೊಸ ಕಾಂಡಗಳು ಚೆನ್ನಾಗಿ ಬಂದಿವೆ. ಯಾಕೋ ಯಾರಿಗೂ ತೋರಿಸುವ ಮನಸ್ಸಿಲ್ಲ.

ರಾಚಯ್ಯ


ಕ್ಯಾಂಟನ್
ಜನವರಿ 18, 2026

ಪೂಜ್ಯ ಮಾಮನವರಿಗೆ,

ಈ ಕಾಗದ ತಲುಪಿದ ಕೂಡಲೇ ಇಂದೂನ ಫೋನಿಗೆ ಯಾರ ಕೈಯಿಂದಲಾದರೂ ಮೆಸೇಜು ಮಾಡಿಸಿ. ಮುಂದಿನ ವಾರ ಭಾರೀ ಚಳಿ ಬರುತ್ತದಂತೆ, ಸೊನ್ನೆಯ ಕೆಳಗೆ ಹತ್ತಕ್ಕೂ ಇಳಿಯಬಹುದಂತೆ. ಅಷ್ಟಾದರೆ ಬಿಸೆಟಿಯ ಎಲೆಯೂ ಸುಟ್ಟು ಉದುರುತ್ತದೆ ಎಂದು ಓದಿದೆ. ಉಳಿಸಿಕೊಳ್ಳುವುದು ಹೇಗೆ? ಗೋಣಿತಟ್ಟು ತಂದಿದ್ದೇನೆ. ಬುಡಕ್ಕೆ ಎಲೆಗೊಬ್ಬರ ಹರಡಿದ್ದೇನೆ. ಎಲೆಗೆ ಸಿಂಪಡಿಸುವ ಮೇಣದಂಥ ಔಷಧಿ ಇದೆಯಂತೆ, ಅದು ಈ ಚಳಿಯಲ್ಲಿ ಹಿಡಿಯುತ್ತದೆಯೇ? ಈ ಸಲ ಎಲೆಯ ಬಗ್ಗೆಯೇ ಉತ್ತರ ಕೊಡಿ ಮಾಮಾ, ಕಾಲಿಗೆ ಬೀಳುತ್ತೇನೆ.

ಎಲೆ ಹೋದರೆ ಆಚೆಯ ಮನೆ ಕಾಣುತ್ತದೆ. ಕೊಂಡವರು ಹಿಂದಿನ ಗೋಡೆಗೆಲ್ಲ ನೀಲಿ ಬಳಿಸಿದ್ದಾರೆ. ನಾಯಿ ಸಾಕಿದ್ದಾರೆ.

ಬಿಸೆಟಿ ದಟ್ಟವಾದ ಮೇಲೆ ಅವ್ವ ಶಿವಾನಿಯ ಹೆಸರನ್ನೂ ನನ್ನೆದುರು ಎತ್ತುತ್ತಿರಲಿಲ್ಲ. ಶ್ರಾವಣದಿಂದ ಶುರು ಮಾಡಿದ್ದಾಳೆ. ನಾನು ಕೆಲಸದಿಂದ ಬಂದು ಬೂಟು ಬಿಚ್ಚುವಷ್ಟರಲ್ಲಿ ಕೇಳುತ್ತಾಳೆ, "ಬರೂಮುಂದ ಆ ಕಡೆ ರಸ್ತಾದಾಗ ಶಿವಾನಿ ಕಂಡಳೇನ?" ಮೊದಲ ದಿನ ಹೂಂ ಎಂದುಬಿಟ್ಟೆ. ಅಂದಿನಿಂದ ದಿನಾ ಹೂಂ ಎನ್ನಬೇಕಾಗಿದೆ. ಸೈಕಲ್ ಹೊಡೆಯುತ್ತಿದ್ದಳು ಎಂದೆ. ಬಸ್ಸಿನಿಂದ ಇಳಿಯುತ್ತಿದ್ದಳು ಎಂದೆ. ಹೋದ ವಾರ ಏನೂ ಹೊಳೆಯದೆ ಕನ್ನಡಕ ಬಂದಿದೆ ಎಂದೆ. ಯಾವ ಬಣ್ಣ ಎಂದು ಕೇಳಿದಳು. ಕೆಂಪು ಎಂದೆ. ಕಾರಿನಲ್ಲಿ ಬರುವಾಗ ದಾರಿಯುದ್ದಕ್ಕೂ ಇವತ್ತು ಏನು ಹೇಳಲಿ ಎಂದು ಯೋಚಿಸುತ್ತೇನೆ, ಹೈವೇಯಿಂದ ಇಳಿಯುವ ಎಕ್ಸಿಟ್ ತಪ್ಪುತ್ತದೆ.

ಕೇಳಿ ಮುಗಿದ ಮೇಲೆ ಕಿಟಕಿಗೆ ಹೋಗಿ ಬಿದಿರಿಗೆ ಕೈ ಬೀಸುತ್ತಾಳೆ. ನನಗೆ ಅದನ್ನು ನೋಡಲಾಗುವುದಿಲ್ಲ. "ಒಂದೋ ಹೇಳಿಬಿಡ್ರಿ, ಇಲ್ಲಾ ಕಡದ ಒಗೀರಿ" ಎನ್ನುತ್ತಾಳೆ ಹೆಂಡತಿ. ಕಡಿದರೂ ಹೇಳಿದಂತೆಯೇ ಅಲ್ಲವೇ?

ಪ್ರಕಾಶ


ಕ್ಯಾಂಟನ್
ಫೆಬ್ರುವರಿ 2, 2026

ತಮ್ಮ ರಾಚಯ್ಯಗ ಅಕ್ಕನ ಆಶೀರ್ವಾದ.

ಈ ದೇಶಕ್ಕ ಬಂದಮ್ಯಾಲ ನಾ ನಿನಗ ಬರಿಯೂ ಮೊದಲನೇ ಕಾಗದ ಇದು. ಇಂದೂನ ಕೈಯಾಗ ಕೊಟ್ಟು ಪೋಸ್ಟಿಗೆ ಹಾಕಸಾಕತ್ತೀನಿ. ಅಕಿ ಒಡದು ನೋಡೂದಿಲ್ಲ, ನೋಡಿದ್ರೂ ಹೇಳೂದಿಲ್ಲ.

ಪ್ರಕಾಶ ಬಿದಿರಿಗೆ ಗೋಣಿತಟ್ಟ ಸುತ್ಯಾನ. ಆ ಚಳಿಯೊಳಗ ಏಣಿ ಹತ್ತಿ ನಿಂತು ಎಲಿ ಮ್ಯಾಲಿನ ಬರ್ಫ್ ಝಾಡಿಸಿದ. ಕೈ ಬೆರಳ ಒಡದಾವು. ನಾ ಒಳಗ ಕುರ್ಚಿ ಮ್ಯಾಲ ಕೂತ ನೋಡಿದೆ. ಚಾ ಬೇಕೇನ ಅಂತ ಕೇಳಲಿಲ್ಲ.

ಸುಶಾಂತ ಹೋಗ್ಯಾನ ಅಂತ ನನಗ ಗೊತ್ತೈತಿ. ಚೇತನಾ ಒಗ್ಗರಣಿ ಕೊಟ್ರ ನನಗ ಇಲ್ಲಿ ಸೀನ ಬರತಿತ್ತು, ಈಗ ಬರಂಗಿಲ್ಲ. ಅವರ ಮನ್ಯಾಗ ನಾಯಿ ಇರಲಿಲ್ಲ, ಈಗ ದಿನಾ ಬೊಗಳತೈತಿ. ಬಿದಿರು ಕಣ್ಣಿಗೆ ಅಡ್ಡ ಐತಿ, ಮೂಗಿಗೆ ಕಿವಿಗೆ ಅಡ್ಡ ಇಲ್ಲ.

ಅಂವ ಬಾಗಲಕ ಬಂದಾಗ ದನಿ ಕೇಳಿತ್ತು. ಮಾತಾಡಂಗಿಲ್ಲ ಅಂತ ಆಣಿ ಮಾಡೀನಿ. ರೊಟ್ಟಿ ಬಡೀಬಾರದು ಅಂತ ಆಣಿ ಇರಲಿಲ್ಲ. ಎದ್ದೀನಿ, ಒಳಗ ಬಾ, ಎದ್ದೀನಿ ಅಂತ ಬಡದೆ. ಅಂಗೈ ಬಾತಿತ್ತು. ಅಂವ ಒಂದ ಸಲ ಅವ್ವಾ ಅಂತ ಕೂಗಿದ್ರ, ಇವನ ತಲಿ ಹೋದ್ರೂ ಹೋಗಲಿ ಅಂತ ಓಡತಿದ್ದೆ. ಅಂವ ಕೂಗಲಿಲ್ಲ. ಮ್ಯಾನೇಜರ ಅದಾನ, ಸುಮ್ಮನಿರೂದು ಚಲೋ ಬರತೈತಿ ಅವಂಗ. ಇಬ್ಬರೂ ನನ್ನ ಹೊಟ್ಟ್ಯಾಗ ಹುಟ್ಟಿದವರ.

ನನಗ ಗೊತ್ತೈತಿ ಅಂತ ಪ್ರಕಾಶಗ ಹೇಳಿಲ್ಲ, ಹೇಳೂದೂ ಇಲ್ಲ. ದಿನಾ ಸಂಜೀಕ ಶಿವಾನಿ ಕಂಡಳೇನ ಅಂತ ಕೇಳತೀನಿ. ಅಂವ ದಿನಾ ಒಂದ ಸುಳ್ಳ ಹೇಳತಾನ. ಕೆಂಪ ಕನ್ನಡಕ ಬಂದೈತಿ ಅಂದ. ಉಣ್ಣೂಮುಂದ, ಚಂದ ಕಾಣತಾಳೇನ ಅಂತ ಕೇಳಿದೆ. ಹೂಂ ಅಂದು ಅನ್ನದ ತಾಟ ಬಿಟ್ಟು ಎದ್ದ ಹೋದ. ನನ್ನ ಹೊಟ್ಟಿ ತಣ್ಣಗಾತು. ಹಡದಾಕಿ ಹಿಂಗ ಬರೀಬಾರದು. ಆದ್ರ ತಣ್ಣಗಾತು.

ನಿನಗೂ ಒಂದ ಮಾತು. ಯಾವ ಬಿದಿರಿಗೆ ಎಲಿ ಉದುರತಾವು, ಯಾವುದಕ್ಕ ಉದುರಂಗಿಲ್ಲ ಅಂತ ಭಾಳ ವಿಚಾರ ಮಾಡಿ ಬರದಿ. ನನ್ನ ಮ್ಯಾಲ ಕರುಣಾ ಇದ್ರ ಕಾರ ಹತ್ತಿ ಬರಬೇಕಿತ್ತು. ಐದ ತಾಸಿನ ಹಾದಿ. ಇನ್ನ ಬರಬ್ಯಾಡ.

ಈಗ ಕೆಲಸದ ಮಾತು. ಮೊನ್ನಿನ ಚಳಿಗೆ ಅರ್ಧಾ ಎಲಿ ಸುಟ್ಟ ಹೋಗ್ಯಾವು. ಗೋಣಿತಟ್ಟ ಸರದಲ್ಲಿ ನೀಲಿ ಗ್ವಾಡಿ ಕಾಣತೈತಿ. ನಾ ಕಾಣಲಾರದಂಗ ಕೂತೀನಿ, ಕಣ್ಣ ಮಂಜಾಗ್ಯಾವು ಅಂದೀನಿ. ಆದ್ರ ಎಷ್ಟ ದಿನ ನಡದೀತು? ಎಲಿ ಪೂರ್ತಿ ಉದುರಿದ್ರ ಅಂವ ಎಲ್ಲಾ ಹೇಳಿ ಕಾಲಿಗೆ ಬೀಳತಾನ. ಬಿದ್ರ ನಾನೂ ಹಡದಾಕಿ, ಹಿಡದ ಎಬ್ಬಸತೀನಿ. ಅದು ಆಗಬಾರದು.

ನೂಡಾ ಅಂತ ಒಂದ ತಳಿ ಐತಂತ, ಎಲ್ಲಾಕ್ಕಿಂತ ಗಟ್ಟಿ ಅಂತ ನೀನ ಬರದಿದ್ದಿ, ಪ್ರಕಾಶ ಓದಿ ಹೇಳಿದ್ದ. ಅದನ್ನ ಹಚ್ಚು ಅಂತ ಅವಂಗ ಬರಿ. ಬೇಸಿಗಿ ಆಗೂದರಾಗ ಹಚ್ಚಲಿ, ಸಣ್ಣು ಬ್ಯಾಡ, ದೊಡ್ಡ ದೊಡ್ಡ ಗಿಡಾನ ತರಸಲಿ. ಅಕ್ಕಿ ತೊಳದ ನೀರ ನಾ ಹಾಕತೀನಿ.

ನಿನ್ನ ಅಕ್ಕ,
ಮಲ್ಲಮ್ಮ